ಸೋತರೂ ದಾರಿ ತೋರಿದರು: 1926ರಲ್ಲಿ ಚುನಾವಣೆಗೆ ನಿಂತ ಮಂಗಳೂರಿನ ಕಮಲಾದೇವಿ

ವಿಧಾನಸಭೆಗೆ ಮಹಿಳೆಯರು ಸ್ಪರ್ಧಿಸುವುದು ಇಂದು ಸುದ್ದಿಯೇ ಅಲ್ಲ. ಆದರೆ 1926ರಲ್ಲಿ ಮಂಗಳೂರಿನ 23 ವರ್ಷದ ಯುವತಿಯೊಬ್ಬರು ಮದ್ರಾಸ್ ಶಾಸನ ಪರಿಷತ್ತಿನ ಚುನಾವಣೆಗೆ ನಿಂತಾಗ ಅದು ದೇಶಕ್ಕೇ ಹೊಸದು. ಅವರೇ ಕಮಲಾದೇವಿ ಚಟ್ಟೋಪಾಧ್ಯಾಯ. ಭಾರತದಲ್ಲಿ ಶಾಸನಸಭೆಗೆ ಸ್ಪರ್ಧಿಸಿದ ಮೊದಲ ಮಹಿಳೆ ಎಂದೇ ಅವರನ್ನು ಗುರುತಿಸಲಾಗುತ್ತದೆ.

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನ ಸಾರಸ್ವತ ಕುಟುಂಬದಲ್ಲಿ. ಎಳೆಯ ವಯಸ್ಸಿನಲ್ಲೇ ಮದುವೆ, ಸ್ವಲ್ಪ ಕಾಲದಲ್ಲೇ ವೈಧವ್ಯ. ಆದರೆ ಓದು ನಿಲ್ಲಲಿಲ್ಲ. ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಸೇರಿದರು. ಸಂಪ್ರದಾಯಸ್ಥರ ವಿರೋಧ ಲೆಕ್ಕಿಸದೆ, ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮದುವೆಯಾದರು.

ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿ ಮಹಿಳೆಯರಿಗೆ 1921ರಲ್ಲೇ ಮತದಾನದ ಹಕ್ಕು ಸಿಕ್ಕಿದ್ದರೂ ಚುನಾವಣೆಗೆ ನಿಲ್ಲುವಂತಿರಲಿಲ್ಲ. ಆ ನಿರ್ಬಂಧ ತೆರವಾಗಿದ್ದು 1926ರಲ್ಲಿ. ಮಹಿಳಾ ಹಕ್ಕುಗಳ ಹೋರಾಟಗಾರ್ತಿ ಮಾರ್ಗರೇಟ್ ಕಸಿನ್ಸ್ ಅವರ ಒತ್ತಾಸೆಯಿಂದ ಕಮಲಾದೇವಿ ಪಕ್ಷೇತರರಾಗಿ ಕಣಕ್ಕಿಳಿದರು. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನ. ಆಸ್ತಿ, ತೆರಿಗೆ ನೋಡಿ ಮತದಾನದ ಹಕ್ಕು ಕೊಡುತ್ತಿದ್ದ ಕಾಲವದು. ಹೀಗಾಗಿ ಮತದಾರರಲ್ಲಿ ಬಹುತೇಕರು ಪುರುಷರೇ. ಅವರ ಬಳಿ ಹೆಣ್ಣುಮಗಳೊಬ್ಬಳು ಮತ ಕೇಳಬೇಕಿತ್ತು.

ಕಮಲಾದೇವಿ ಸೋತರು, ಅದೂ ಅತ್ಯಲ್ಪ ಮತಗಳ ಅಂತರದಿಂದ. ಆದರೆ ಹೆಣ್ಣಿಗೆ ಯಾರು ಮತ ಹಾಕುತ್ತಾರೆ ಎಂಬ ಪ್ರಶ್ನೆಗೆ ಕರಾವಳಿಯ ಮತದಾರರು ಅಂದೇ ಉತ್ತರ ಕೊಟ್ಟಿದ್ದರು. ಅದೇ ಪರಿಷತ್ತಿಗೆ ನಾಮನಿರ್ದೇಶನಗೊಂಡ ಡಾ. ಮುತ್ತುಲಕ್ಷ್ಮಿ ರೆಡ್ಡಿ 1927ರಲ್ಲಿ ಉಪಾಧ್ಯಕ್ಷೆಯೂ ಆದರು.

ಸೋತೆನೆಂದು ಕಮಲಾದೇವಿ ಸುಮ್ಮನೆ ಕೂರಲಿಲ್ಲ. 1927ರಲ್ಲಿ ಹುಟ್ಟಿಕೊಂಡ ಅಖಿಲ ಭಾರತ ಮಹಿಳಾ ಸಮ್ಮೇಳನದ ಸಂಘಟನಾ ಕಾರ್ಯದರ್ಶಿಯಾದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮಹಿಳೆಯರಿಗೂ ಅವಕಾಶ ಬೇಕೆಂದು ಗಾಂಧೀಜಿಯವರನ್ನು ಒಪ್ಪಿಸಿದರು. ಮುಂಬೈ ಷೇರುಪೇಟೆಗೇ ಹೋಗಿ ಉಪ್ಪಿನ ಪೊಟ್ಟಣ ಮಾರಿದರು, ಜೈಲು ಸೇರಿದರು.

ಸ್ವಾತಂತ್ರ್ಯದ ನಂತರ ದೆಹಲಿ ಸಮೀಪದ ಫರೀದಾಬಾದ್‌ನಲ್ಲಿ ದೇಶ ವಿಭಜನೆಯ ನಿರಾಶ್ರಿತರಿಗೆ ನೆಲೆ ಕಲ್ಪಿಸಲು ದುಡಿದರು. 1952ರಲ್ಲಿ ಆರಂಭವಾದ ಅಖಿಲ ಭಾರತ ಕರಕುಶಲ ಮಂಡಳಿಯ ಚುಕ್ಕಾಣಿ ಹಿಡಿದು, ಊರೂರು ಸುತ್ತಿ ನೇಕಾರರು, ಕುಶಲಕರ್ಮಿಗಳ ಕಸುಬಿಗೆ ಮಾರುಕಟ್ಟೆ ಒದಗಿಸಿದರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಅವರಿಗೆ ಸಂದವು. 1988ರ ಅಕ್ಟೋಬರ್ 29ರಂದು ಮುಂಬೈನಲ್ಲಿ ನಿಧನರಾದರು.

ಅಂದು ಮಂಗಳೂರಿನಲ್ಲಿ ಕೈತಪ್ಪಿದ್ದು ಒಂದು ಸ್ಥಾನ ಮಾತ್ರ. ಶಾಸನಸಭೆಯ ಹೊರಗಿದ್ದುಕೊಂಡೇ ಅವರು ಮಾಡಿದ ಕೆಲಸ ಆರು ದಶಕಗಳದ್ದು.