ಪದವಿಯಿಲ್ಲದ ಗುಮಾಸ್ತರಿಗೆ ದೊರೆತ ವಿದ್ಯಾರ್ಥಿವೇತನ

ಶ್ರೀನಿವಾಸ ರಾಮಾನುಜನ್ ಅವರ ಗಣಿತವನ್ನು ವಿವರಿಸುವ ಶಕ್ತಿ ನಮಗಿಲ್ಲ. ಆದರೆ ಅವರು ಮದರಾಸು ಬಂದರಿನ ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳದ ಗುಮಾಸ್ತರಾಗಿದ್ದರು. ಆ ಗುಮಾಸ್ತರು ವಿಶ್ವವಿದ್ಯಾನಿಲಯದ ಹೊಸ್ತಿಲನ್ನು ದಾಟಿದ ಬಗೆ ನಮ್ಮ ಓದುಗರಿಗೆ ಪರಕೀಯವೆನಿಸಲಾರದು.

1887ನೆಯ ಡಿಸೆಂಬರ್ 22ರಂದು ಈರೋಡಿನಲ್ಲಿ ಜನಿಸಿದ ರಾಮಾನುಜನ್ ಬೆಳೆದುದು ಕುಂಭಕೋಣದಲ್ಲಿ. ತಂದೆಯವರು ಬಟ್ಟೆಯಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಸಂಬಳ ಸುಮಾರು 20 ರೂಪಾಯಿ. 1904ರಲ್ಲಿ ಮಗನಿಗೆ ಅಲ್ಲಿಯ ಸರ್ಕಾರಿ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ದೊರೆಯಿತು. ಗಣಿತವೊಂದನ್ನುಳಿದು ಬೇರಾವುದರತ್ತಲೂ ಮನಸ್ಸು ಹರಿಯದೆ ಅದು ಕೈತಪ್ಪಿತು. ಅವಧಿಯೊಂದರ ಶುಲ್ಕ 32 ರೂಪಾಯಿ. ಆ ಮನೆಯಲ್ಲಿ ಅದು ಎಲ್ಲಿಂದ ಹುಟ್ಟಬೇಕು? ಮುಂದೆ ಮದರಾಸಿನ ಪಚ್ಚಯ್ಯಪ್ಪ ಕಾಲೇಜಿಗೆ ಸೇರಿದರೂ ಎಫ್.ಎ. ಪರೀಕ್ಷೆಯಲ್ಲಿ ನಪಾಸಾದರು. ಕೆಲಕಾಲ ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾಯರು ತಿಂಗಳಿಗೆ 25 ರೂಪಾಯಿ ಕೊಟ್ಟು ಪೋಷಿಸಿದರು. 1912ನೆಯ ಮಾರ್ಚ್ 1ರಂದು ಬಂದರಿನ ನೌಕರಿ ಹಿಡಿದರು.

1913ರ ಜನವರಿಯಲ್ಲಿ ಅವರು ಕೇಂಬ್ರಿಜ್ಜಿನ ಹಾರ್ಡಿಯವರಿಗೆ ಪತ್ರ ಬರೆದುದು ಲೋಕವಿದಿತ. ಅಷ್ಟಾಗಿ ತಿಳಿಯದಿರುವುದು ಮದರಾಸಿನಲ್ಲಿಯೇ ನಡೆದ ಸಂಗತಿ. ಆ ಫೆಬ್ರುವರಿಯಲ್ಲಿ ಸಿಮ್ಲಾದ ಹವಾಮಾನ ಇಲಾಖೆಯ ಮುಖ್ಯಾಧಿಕಾರಿ ಗಿಲ್ಬರ್ಟ್ ವಾಕರ್ ಅವರು ರಾಮಾನುಜನ್ನರ ಕೆಲಸವನ್ನು ಕಂಡು ವಿಶ್ವವಿದ್ಯಾನಿಲಯಕ್ಕೆ ಶಿಫಾರಸು ಮಾಡಿದರು. ಗಣಿತದ ಅಧ್ಯಯನ ಮಂಡಲಿ ತಿಂಗಳಿಗೆ 75 ರೂಪಾಯಿಯಂತೆ ಎರಡು ವರ್ಷ ಸಂಶೋಧನ ವೇತನವನ್ನು ಕೊಡಬೇಕೆಂದಿತು. ಆದರೆ ನಿಯಮದಂತೆ ಆ ವೇತನ ಎಂ.ಎ. ಆದವರಿಗೆ ಮಾತ್ರ, ಇವರಿಗೋ ಎಫ್.ಎ. ಕೂಡ ಇಲ್ಲ! ವಿಶ್ವವಿದ್ಯಾನಿಲಯದ ಶಾಸನವೇ ಸಂಶೋಧನೆಯನ್ನು ಪೋಷಿಸೆಂದು ಹೇಳಿರುವಾಗ ಉಪನಿಯಮವನ್ನು ಹಿಡಿದು ಕೂರಬಾರದೆಂಬ ವಾದ ಗೆದ್ದಿತು. ಮೇ 1ರಿಂದ ವೇತನ ಆರಂಭವಾಯಿತು. ಮೂರು ತಿಂಗಳಿಗೊಮ್ಮೆ ಕೆಲಸದ ವರದಿ ಒಪ್ಪಿಸಬೇಕು, ಅಷ್ಟೇ ಕರಾರು. ನಿಯಮ ಬಲ್ಲವರು ನಿಯಮವನ್ನು ಹೀಗೆ ಓದುವುದು ಅಪರೂಪವೆಂದು ನಮ್ಮ ಭಾವನೆ.

1914ರಲ್ಲಿ ಅದೇ ವಿಶ್ವವಿದ್ಯಾನಿಲಯ ವರ್ಷಕ್ಕೆ 250 ಪೌಂಡುಗಳನ್ನು ಮಂಜೂರು ಮಾಡಿತು. ಟ್ರಿನಿಟಿ ಕಾಲೇಜು 60 ಪೌಂಡು ಸೇರಿಸಿತು. ಹಡಗು ಹತ್ತುವ ಮುನ್ನ ರಾಮಾನುಜನ್ ತಮ್ಮ ವೇತನದಿಂದ ತಿಂಗಳಿಗೆ 60 ರೂಪಾಯಿ ಕುಂಭಕೋಣದ ಮನೆಗೆ ಸಲ್ಲುವಂತೆ ಏರ್ಪಡಿಸಿದರು. ಮನಿಯಾರ್ಡರಿನ ದಿನವನ್ನು ಎಣಿಸುವ ಮನೆಗಳು ನಮ್ಮವರಿಗೂ ಗೊತ್ತು. ಕೇಂಬ್ರಿಜ್ ಕೂಡ ಪ್ರವೇಶದ ನಿಯಮವನ್ನು ಸಡಿಲಿಸಿತು. 1916ರಲ್ಲಿ ಸಂಶೋಧನೆಯ ಬಲದಿಂದಲೇ ಬಿ.ಎ. ಬಂದಿತು. 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, ಟ್ರಿನಿಟಿಯ ಫೆಲೋ ಸ್ಥಾನ. ಅಷ್ಟರಲ್ಲಿ ದೇಹ ಕುಸಿದಿತ್ತು.

ಮದರಾಸು ಮತ್ತೆ ಐದು ವರ್ಷ 250 ಪೌಂಡಿನಂತೆ ಕೊಡಲು ನಿರ್ಧರಿಸಿದಾಗ, 1919ನೆಯ ಜನವರಿ 11ರಂದು ರಾಮಾನುಜನ್ ಉತ್ತರ ಬರೆದರು. ಹಣ ಹೆಚ್ಚಾಯಿತೆಂಬುದು ಅವರ ಅಭಿಪ್ರಾಯ! ತಂದೆತಾಯಿಗಳಿಗೆ ವರ್ಷಕ್ಕೆ 50 ಪೌಂಡು ಮತ್ತು ತಮ್ಮ ಅವಶ್ಯ ಖರ್ಚು ಕಳೆದು ಉಳಿದುದನ್ನು ಬಡ ಮತ್ತು ಅನಾಥ ಹುಡುಗರ ಶಾಲಾ ಶುಲ್ಕಕ್ಕೂ ಪುಸ್ತಕಗಳಿಗೂ ವಿನಿಯೋಗಿಸಬೇಕೆಂದು ಕೋರಿದರು. 32 ರೂಪಾಯಿಯ ನೆನಪು ಆರಿರಲಿಲ್ಲವೆಂದು ನಾವು ಊಹಿಸುತ್ತೇವೆ.

ಆ ಮಾರ್ಚಿನಲ್ಲಿ ಅವರು ಮುಂಬಯಿಯಲ್ಲಿ ಇಳಿದರು. 1920ನೆಯ ಏಪ್ರಿಲ್ 26ರಂದು ಮದರಾಸಿನಲ್ಲಿ ತೀರಿಕೊಂಡರು. ವಯಸ್ಸು 32. ಪತ್ನಿ ಜಾನಕಿಯಮ್ಮನವರು ಕೆಲವು ವರ್ಷ ಮುಂಬಯಿಯಲ್ಲಿ ಅಣ್ಣನ ಮನೆಯಲ್ಲಿದ್ದು, ಬಳಿಕ ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿ ಹೊಲಿಗೆ ಮಾಡಿ ಬದುಕಿದರು. ವಿಶ್ವವಿದ್ಯಾನಿಲಯದಿಂದ ಅವರಿಗೆ ಬರುತ್ತಿದ್ದ ಪಿಂಚಣಿ ತಿಂಗಳಿಗೆ 20 ರೂಪಾಯಿ.