ಮರಳಿನಲ್ಲಿ ವಿದ್ಯುತ್ ಕಂಡ ಹೋಮಿ ಭಾಭಾ

ಹೋಮಿ ಜಹಾಂಗೀರ್ ಭಾಭಾ ಅವರನ್ನು ಭಾರತದ ಅಣುಶಕ್ತಿ ಕಾರ್ಯಕ್ರಮದ ಪಿತಾಮಹ ಎಂದು ನಾವೆಲ್ಲ ಓದಿದ್ದೇವೆ. ಅವರು ದೊಡ್ಡ ವಿಜ್ಞಾನಿ ಮಾತ್ರವಲ್ಲ, ತಮ್ಮ ಯೋಜನೆಯನ್ನು ಸರ್ಕಾರಕ್ಕೆ ಮನಗಾಣಿಸಬಲ್ಲವರೂ ಆಗಿದ್ದರು. ಅವರ ಬದುಕಿನಲ್ಲಿ ನನ್ನನ್ನು ಹೆಚ್ಚು ಸೆಳೆದದ್ದು ಈ ಗುಣ.

ಭಾಭಾ 1909ರ ಅಕ್ಟೋಬರ್ 30ರಂದು ಮುಂಬೈಯ ಪಾರ್ಸಿ ಕುಟುಂಬದಲ್ಲಿ ಜನಿಸಿದರು. ಮಗ ಎಂಜಿನಿಯರ್ ಆಗಲಿ ಎಂಬುದು ತಂದೆಯ ಆಸೆ. ಕೇಂಬ್ರಿಜ್‌ನಲ್ಲಿ ಎಂಜಿನಿಯರಿಂಗ್ ಮುಗಿಸಿದ ಭಾಭಾ ತಮ್ಮ ಇಷ್ಟದ ಭೌತಶಾಸ್ತ್ರಕ್ಕೆ ಹೊರಳಿದರು. 1939ರಲ್ಲಿ ರಜೆಗೆಂದು ಊರಿಗೆ ಬಂದಾಗ ಮಹಾಯುದ್ಧ ಆರಂಭವಾಯಿತು. ಹಿಂತಿರುಗಲಾಗದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ಸರ್ ಸಿ.ವಿ. ರಾಮನ್ ಅವರಿದ್ದ ವಿಭಾಗದಲ್ಲಿ ವಿಶ್ವಕಿರಣಗಳ ಸಂಶೋಧನೆ ನಡೆಸಿದರು.

1944ರ ಮಾರ್ಚ್‌ನಲ್ಲಿ ಅವರು ಟಾಟಾ ಟ್ರಸ್ಟ್‌ಗೆ ಒಂದು ಪತ್ರ ಬರೆದರು. ಮುಂದೆ ಅಣುಶಕ್ತಿಯಿಂದ ವಿದ್ಯುತ್ ತಯಾರಿಸುವ ಕಾಲ ಬಂದಾಗ ಪರಿಣತರಿಗಾಗಿ ಹೊರದೇಶದ ಕಡೆ ನೋಡಬಾರದು, ಅವರನ್ನು ಈಗಲೇ ಇಲ್ಲೇ ತಯಾರು ಮಾಡಬೇಕು ಎಂಬುದು ಅದರ ತಿರುಳು. ಆಗಿನ್ನೂ ಹಿರೋಶಿಮಾದ ಮೇಲೆ ಬಾಂಬ್ ಬಿದ್ದಿರಲಿಲ್ಲ, ದೇಶಕ್ಕೆ ಸ್ವಾತಂತ್ರ್ಯವೂ ಬಂದಿರಲಿಲ್ಲ. ಆ ಪತ್ರದ ಫಲವಾಗಿ 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹುಟ್ಟಿತು. 1948ರಲ್ಲಿ ಅಣುಶಕ್ತಿ ಆಯೋಗ ರಚನೆಯಾದಾಗ ಭಾಭಾ ಅದರ ಅಧ್ಯಕ್ಷರಾದರು.

ಅವರ ವಾದ ನಮ್ಮ ನೆಲದಲ್ಲಿ ಏನಿದೆ ಎಂಬ ಲೆಕ್ಕದಿಂದ ಶುರುವಾಗುತ್ತದೆ. ನಮ್ಮಲ್ಲಿ ಯುರೇನಿಯಂ ಕಡಿಮೆ, ಆದರೆ ಕೇರಳ ಮುಂತಾದ ಕಡಲತೀರಗಳ ಮರಳಿನಲ್ಲಿ ಥೋರಿಯಂ ಧಾರಾಳ. ತೊಂದರೆಯೆಂದರೆ ಥೋರಿಯಂ ನೇರವಾಗಿ ಇಂಧನವಾಗದು. ಅದಕ್ಕೆ 1954ರಲ್ಲಿ ಅವರು ಮೂರು ಹಂತಗಳ ದಾರಿ ಮುಂದಿಟ್ಟರು. ಮೊದಲ ಹಂತದಲ್ಲಿ ಯುರೇನಿಯಂ ಉರಿಸಿ ವಿದ್ಯುತ್ತಿನ ಜೊತೆ ಪ್ಲುಟೋನಿಯಂ ಪಡೆಯಬೇಕು. ಎರಡನೆಯದರಲ್ಲಿ ಆ ಪ್ಲುಟೋನಿಯಂ ಬಳಸುವ ವೇಗದ ರಿಯಾಕ್ಟರ್‌ಗಳು ಉರಿಸಿದ್ದಕ್ಕಿಂತ ಹೆಚ್ಚು ಇಂಧನ ಉತ್ಪಾದಿಸುತ್ತ, ಥೋರಿಯಂ ಅನ್ನು ಯುರೇನಿಯಂ-233 ಆಗಿ ಮಾರ್ಪಡಿಸಬೇಕು. ಮೂರನೆಯದರಲ್ಲಿ ಆ ಇಂಧನದಿಂದಲೇ ದೇಶ ಬೆಳಗಬೇಕು.

1955ರಲ್ಲಿ ಜಿನೀವಾದಲ್ಲಿ ನಡೆದ ವಿಶ್ವಸಂಸ್ಥೆಯ ಅಣುಶಕ್ತಿ ಸಮ್ಮೇಳನಕ್ಕೆ ಭಾಭಾ ಅಧ್ಯಕ್ಷರಾಗಿದ್ದರು. ಮರುವರ್ಷ ಟ್ರಾಂಬೆಯಲ್ಲಿ ‘ಅಪ್ಸರಾ’ ರಿಯಾಕ್ಟರ್ ಚಾಲನೆಗೊಂಡಿತು. 1966ರ ಜನವರಿ 24ರಂದು ಮೌಂಟ್ ಬ್ಲಾಂಕ್ ಬಳಿಯ ವಿಮಾನ ದುರಂತದಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 56 ವರ್ಷ. ದೇಶದ ಮೊದಲ ಅಣು ವಿದ್ಯುತ್ ಸ್ಥಾವರವಾದ ತಾರಾಪುರ ಕೆಲಸ ಆರಂಭಿಸಿದ್ದು 1969ರಲ್ಲಿ.

ಭಾಭಾ ಎಣಿಸಿದ್ದೆಲ್ಲ ನಡೆಯಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಸಮ್ಮಿಲನ ಶಕ್ತಿ ಮನುಷ್ಯನ ಹತೋಟಿಗೆ ಬರುತ್ತದೆಂದು ಅವರು ಜಿನೀವಾದಲ್ಲಿ ನುಡಿದ ಭವಿಷ್ಯ ಸುಳ್ಳಾಯಿತು. ಥೋರಿಯಂ ಹಂತ ಇನ್ನೂ ಸಂಶೋಧನೆಯ ಮಟ್ಟದಲ್ಲಿದೆ. ಉತ್ತರ ಕನ್ನಡದ ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ, ಅವು ಮೊದಲ ಹಂತದವು. ಅಲ್ಲಿನ ಕಾಡು ಮತ್ತು ಜನರ ಸುರಕ್ಷತೆಗಾಗಿ ಸ್ಥಾವರವನ್ನು ವಿರೋಧಿಸಿದವರಲ್ಲಿ ಶಿವರಾಮ ಕಾರಂತರೂ ಇದ್ದರು. ಆ ಪ್ರಶ್ನೆಗಳಿಗೆ ಉತ್ತರ ಹೇಳುವುದೂ ಅಣುಶಕ್ತಿ ಬೇಕೆನ್ನುವವರ ಹೊಣೆಯೆಂದು ನಾನು ನಂಬುತ್ತೇನೆ.

ಕಲ್ಲಿದ್ದಲಿನ ಹೊಗೆ ಕಡಿಮೆ ಮಾಡಬೇಕಾದ ಈ ಕಾಲದಲ್ಲಿ ಭಾಭಾ ಅವರ ಲೆಕ್ಕ ಮತ್ತೆ ನಮ್ಮ ಮುಂದಿದೆ. ಅದನ್ನು ಪರೀಕ್ಷಿಸಿ ಮುಂದುವರಿಸಲು, ತಪ್ಪಿದ್ದರೆ ತಿದ್ದಲು ಕಲಿತವರು ಬೇಕು. ಅಂಥವರು ನಮ್ಮ ಕಾಲೇಜಿನ ಪ್ರಯೋಗಾಲಯದಿಂದಲೂ ಹೊರಬರಲಿ ಎಂಬುದು ನನ್ನ ಆಸೆ.