ಕಾರಾಪುರದಿಂದ ಹಾಲಿವುಡ್‌ಗೆ: ಮಾವುತನ ಮಗ ಸಾಬು

ಬೆಂಗಳೂರಿನ ಮಗ್ಗುಲಿನ ಸಮೇತನಹಳ್ಳಿಯಲ್ಲಿ ಕುಳಿತು ಸ್ಪೇನಿನ 'ಲಾ ಕಾಸಾ ದೆ ಪಾಪೆಲ್' ಧಾರಾವಾಹಿಯನ್ನು ಮೊಬೈಲಿನಲ್ಲಿ ನೋಡಬಹುದಾದ ಕಾಲವಿದು. ಸ್ಪ್ಯಾನಿಷ್ ಭಾಷಿಕರ ಸಿನಿಮಾ, ಸಂಗೀತ, ಕಥನಗಳು ಜಗತ್ತನ್ನು ವ್ಯಾಪಿಸಿದ ಬಗೆಯನ್ನು ಚರ್ಚಿಸುವಾಗ ಕನ್ನಡಿಗರು ನೆನೆಯಬೇಕಾದ ಹೆಸರೊಂದಿದೆ. ಅದು ಮೈಸೂರು ಸೀಮೆಯ ಸಾಬು.

ಸಾಬು ಜನಿಸಿದ್ದು 1924ರ ಜನವರಿ 27ರಂದು, ಕಬಿನಿ ತೀರದ ಕಾರಾಪುರದಲ್ಲಿ. ತಂದೆ ಮೈಸೂರು ಮಹಾರಾಜರ ಸೇವೆಯಲ್ಲಿದ್ದ ಮಾವುತ. ಎಳವೆಯಲ್ಲೇ ಅನಾಥನಾದ ಹುಡುಗನಿಗೆ ಅರಮನೆಯ ಆನೆಲಾಯವೇ ಆಸರೆಯಾಯಿತು. ಓದು ಬರಹಕ್ಕಿಂತ ಮೊದಲು ಆತ ಕಲಿತದ್ದು ಆನೆಯ ಮಾತು.

1935ರಲ್ಲಿ ಅಮೆರಿಕದ ಸಾಕ್ಷ್ಯಚಿತ್ರ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದರು. ಕಿಪ್ಲಿಂಗ್ ಕಥೆಯೊಂದನ್ನು ಲಂಡನ್ನಿನ ಅಲೆಕ್ಸಾಂಡರ್ ಕೋರ್ಡಾ ಸಂಸ್ಥೆಗಾಗಿ ಚಿತ್ರಿಸುವುದು ಅವರ ಉದ್ದೇಶ. ಛಾಯಾಗ್ರಾಹಕ ಆಸ್ಮಂಡ್ ಬಾರಡೇಲ್ ಕಣ್ಣಿಗೆ ಬಿದ್ದ ಹುಡುಗನೇ ಚಿತ್ರದ ನಾಯಕನಾದ. ಮೈಸೂರಿನ ಚಿತ್ರೀಕರಣ ಮುಗಿದ ಮೇಲೆ ಅಣ್ಣನೊಂದಿಗೆ ಇಂಗ್ಲೆಂಡಿಗೆ ಹೊರಟ. 1937ರಲ್ಲಿ ತೆರೆಕಂಡ 'ಎಲಿಫೆಂಟ್ ಬಾಯ್' ಚಿತ್ರಕ್ಕೆ ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ದೊರೆಯಿತು. ಹದಿಮೂರರ ಸಾಬು ಎರಡು ಖಂಡಗಳಲ್ಲಿ ಮನೆಮಾತಾದ.

ಆ ದಿನಗಳಲ್ಲಿ ಕನ್ನಡ ವಾಕ್ಚಿತ್ರಕ್ಕೆ ಇನ್ನೂ ಶೈಶವ. 'ಸತಿ ಸುಲೋಚನಾ' ಬಂದದ್ದು 1934ರಲ್ಲಿ. ಸ್ಪ್ಯಾನಿಷ್ ಭಾಷೆಯ ಸ್ಥಿತಿ ಬೇರೆಯಿತ್ತು. ಹತ್ತಾರು ದೇಶಗಳಿಗೆ ಹರಡಿದ್ದ ಆ ಮಾರುಕಟ್ಟೆಯನ್ನು ಕಳೆದುಕೊಳ್ಳಲು ಹಾಲಿವುಡ್ ಸಿದ್ಧವಿರಲಿಲ್ಲ. 1930ರಲ್ಲಿ ಯೂನಿವರ್ಸಲ್ ಸಂಸ್ಥೆ ಹಗಲು ಇಂಗ್ಲಿಷಿನಲ್ಲಿ 'ಡ್ರಾಕುಲಾ' ಚಿತ್ರೀಕರಿಸಿ, ರಾತ್ರಿ ಅದೇ ಸೆಟ್ಟುಗಳಲ್ಲಿ ಬೇರೆ ಕಲಾವಿದರಿಂದ ಸ್ಪ್ಯಾನಿಷ್ ಆವೃತ್ತಿ ತಯಾರಿಸಿತು. ಅರ್ಜೆಂಟೀನಾದ ಟ್ಯಾಂಗೊ ಗಾಯಕ ಕಾರ್ಲೋಸ್ ಗಾರ್ಡೆಲ್ ಪ್ಯಾರಿಸ್, ನ್ಯೂಯಾರ್ಕುಗಳಲ್ಲಿ ತಮ್ಮ ನುಡಿಯಲ್ಲೇ ಹಾಡಿ ನಟಿಸಿದರು. 1935ರಲ್ಲಿ ಅವರು ವಿಮಾನ ದುರಂತದಲ್ಲಿ ಮಡಿದಾಗ ಲ್ಯಾಟಿನ್ ಅಮೆರಿಕವೇ ಮರುಗಿತು. ಗಾರ್ಡೆಲ್ ಬೆನ್ನಿಗೆ ಒಂದು ಭಾಷೆಯಿತ್ತು. ಸಾಬು ಬೆನ್ನಿಗೆ ಇದ್ದದ್ದು ಒಂದು ಆನೆ ಮಾತ್ರ.

ಸಾಬು ಪಾತ್ರಗಳನ್ನು ಆಯ್ದುಕೊಳ್ಳುತ್ತಿದ್ದವರು ಬೇರೆಯವರು. 1938ರ 'ದಿ ಡ್ರಮ್' ಚಿತ್ರದಲ್ಲಿ ಬ್ರಿಟಿಷರ ಪರ ನಿಲ್ಲುವ ರಾಜಕುಮಾರನ ಪಾತ್ರ. ಚಿತ್ರವು ಸಾಮ್ರಾಜ್ಯಶಾಹಿಯ ಪ್ರಚಾರವೆಂದು ಮುಂಬಯಿಯಲ್ಲಿ ಉಗ್ರ ಪ್ರತಿಭಟನೆ ನಡೆಯಿತು. 1940ರ 'ದಿ ಥೀಫ್ ಆಫ್ ಬಾಗ್ದಾದ್' ಮೂರು ಆಸ್ಕರ್ ಗಳಿಸಿತು. ಯುದ್ಧದ ಕಾರಣ ಅದರ ಚಿತ್ರೀಕರಣ ಹಾಲಿವುಡ್‌ಗೆ ಸ್ಥಳಾಂತರಗೊಂಡಿತ್ತು. ಸಾಬು ಕೂಡ ಅಲ್ಲಿಯೇ ನೆಲೆನಿಂತರು. 1942ರ 'ಜಂಗಲ್ ಬುಕ್'ನಲ್ಲಿ ಮೋಗ್ಲಿಯಾದರು.

ಬಳಿಕ ಯೂನಿವರ್ಸಲ್‌ನ ಮೂರು ವರ್ಣಚಿತ್ರಗಳಲ್ಲಿ ಅವರೊಂದಿಗೆ ನಟಿಸಿದವರು ಮರಿಯಾ ಮಾಂಟೆಜ್. ಸ್ಪ್ಯಾನಿಷ್ ಮಾತನಾಡುವ ಡೊಮಿನಿಕನ್ ಗಣರಾಜ್ಯದ ಬರಹೋನಾದಲ್ಲಿ ಹುಟ್ಟಿದ ನಟಿ. ಒಬ್ಬಾಕೆ ಕೆರಿಬಿಯನ್ ಕಡಲಿನವಳು, ಇನ್ನೊಬ್ಬ ಕಬಿನಿ ಕಾಡಿನವನು. ಹಾಲಿವುಡ್ ಇಬ್ಬರಿಗೂ ಅರೇಬಿಯಾದ, ದಕ್ಷಿಣ ಸಮುದ್ರದ ವೇಷ ತೊಡಿಸಿತು. ದೂರದ ನಾಡುಗಳೆಲ್ಲವೂ ಆ ಉದ್ಯಮದ ಕಣ್ಣಿಗೆ ಒಂದೇ ಆಗಿದ್ದವು.

1944ರಲ್ಲಿ ಅಮೆರಿಕದ ಪೌರತ್ವ ಪಡೆದ ಸಾಬು ವಾಯುದಳ ಸೇರಿದರು. ಪೆಸಿಫಿಕ್ ರಣಾಂಗಣದಲ್ಲಿ ಬಿ-24 ಬಾಂಬರ್ ವಿಮಾನದ ಹಿಂಬದಿಯ ಗನ್ನರ್ ಆಗಿ ಹೋರಾಡಿ, 'ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್' ಪದಕಕ್ಕೆ ಪಾತ್ರರಾದರು. ತೆರೆಯ ಮೇಲೆ ಕಾಡುಹುಡುಗನಾಗಿದ್ದವರು ನಿಜಜೀವನದಲ್ಲಿ ಯೋಧರಾಗಿದ್ದರು.

ಯುದ್ಧಾನಂತರ 'ಬ್ಲ್ಯಾಕ್ ನಾರ್ಸಿಸಸ್' (1947) ಹೊರತು ಗಟ್ಟಿ ಪಾತ್ರಗಳು ಒಲಿಯಲಿಲ್ಲ. ಬೆಳೆದ ಗಂಡಸಿಗೆ ಹಾಲಿವುಡ್‌ನಲ್ಲಿ ಕಥೆಗಳಿರಲಿಲ್ಲ. ಯುರೋಪಿನ ಚಿತ್ರಗಳಲ್ಲಿ ನಟಿಸಿದರು, ಸರ್ಕಸ್ಸಿನಲ್ಲಿ ಆನೆಗಳೊಂದಿಗೆ ಪ್ರದರ್ಶನ ನೀಡಿದರು. 'ಮದರ್ ಇಂಡಿಯಾ'ದ ಬಿರ್ಜು ಪಾತ್ರಕ್ಕೆ ಮೆಹಬೂಬ್ ಖಾನ್ ಮೊದಲು ಬಯಸಿದ್ದು ಸಾಬು ಅವರನ್ನೇ. ಅದು ಕೈಗೂಡದೆ ಪಾತ್ರ ಸುನಿಲ್ ದತ್ ಪಾಲಾಯಿತು. ಹೀಗಾಗಿ ಜಗತ್ತೇ ಬಲ್ಲ ಈ ನಟ ಒಂದೂ ಭಾರತೀಯ ಚಿತ್ರದಲ್ಲಿ ಕಾಣಿಸಿಕೊಳ್ಳಲಿಲ್ಲ.

1963ರ ಡಿಸೆಂಬರ್ 2ರಂದು ಲಾಸ್ ಏಂಜಲೀಸ್ ಬಳಿಯ ಚಾಟ್ಸ್‌ವರ್ತ್‌ನಲ್ಲಿ ಹೃದಯಾಘಾತದಿಂದ ಸಾಬು ನಿಧನರಾದರು. ಆಗ ವಯಸ್ಸು 39. ಕೊನೆಯ ಚಿತ್ರ 'ಎ ಟೈಗರ್ ವಾಕ್ಸ್' ಬಿಡುಗಡೆಯಾದದ್ದು ಮರುವರ್ಷ. ಹಾಲಿವುಡ್‌ನ ಕೀರ್ತಿಪಥದಲ್ಲಿ ಅವರ ಹೆಸರಿನ ನಕ್ಷತ್ರವಿದೆ.

ಬರಹೋನಾ ತನ್ನ ವಿಮಾನ ನಿಲ್ದಾಣಕ್ಕೆ ಮರಿಯಾ ಮಾಂಟೆಜ್ ಹೆಸರಿಟ್ಟು ಗೌರವಿಸಿದೆ. ಕಾರಾಪುರಕ್ಕೆ ಇಂದು ಪ್ರವಾಸಿಗರು ಬರುವುದು ಆನೆ, ಹುಲಿಗಳನ್ನು ಅರಸಿ. ಅಲ್ಲಿಂದ ಜಗತ್ತಿಗೆ ಹೋದದ್ದು ಒಂದು ಮುಖ, ಒಂದು ನಗು. ಕನ್ನಡದ ಮಾತು, ಕನ್ನಡದ ಕಥೆ ಆ ಹಡಗನ್ನು ಏರಲಿಲ್ಲ. ಪ್ರತಿಭೆ ಒಂಟಿಯಾಗಿ ಗಡಿ ದಾಟಿದರೆ ಕೀರ್ತಿ ಬರಬಹುದು, ಆದರೆ ನಾಡಿನ ಉದ್ಯಮ ಬೆಳೆಯುವುದಿಲ್ಲ ಎಂಬುದು ಸಾಬು ಬದುಕು ಕನ್ನಡ ಚಿತ್ರರಂಗಕ್ಕೆ ಬಿಟ್ಟುಹೋದ ಪಾಠ.